ಬಸ್ಸಿನ ಮೊದಲ ಮೆಟ್ಟಿಲು

ನಗರದ ಬೀದಿಗೆ ಹೊಸ ಮಾದರಿಯ ಬಸ್ಸು ಬಂದಿತೆಂದರೆ ಜನರ ಕಣ್ಣು ಮೊದಲು ಹೋಗುವುದು ಅದರ ಬಣ್ಣದ ಮೇಲೆ. ಅನಂತರ ಮೆತ್ತನೆಯ ಆಸನ, ಊರ ಹೆಸರನ್ನು ಬೆಳಕಿನ ಅಕ್ಷರಗಳಲ್ಲಿ ತೋರಿಸುವ ಫಲಕ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲು, ಒಳಗಿನ ಕ್ಯಾಮೆರಾ, ಇವುಗಳ ಮೇಲೆ. ಇವೆಲ್ಲ ಬೇಕಾದವುಗಳೇ, ಇವನ್ನು ಹಳಿಯಲು ನಾವು ಹೊರಟಿಲ್ಲ. ಆದರೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದುಂಟು. ಅದನ್ನು ಕೇಳುವವರು ವಿರಳ. ಈ ಬಸ್ಸಿನ ನೆಲ ರಸ್ತೆಯಿಂದ ಎಷ್ಟು ಎತ್ತರದಲ್ಲಿದೆ?

ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯ ಬಳಿ ಬೆಳಗಿನ ಹೊತ್ತು ಅರ್ಧ ಗಂಟೆ ನಿಂತು ನೋಡಿದರೆ ಈ ಪ್ರಶ್ನೆಯ ಮಹತ್ವ ತಿಳಿಯುತ್ತದೆ. ಕಾಲೇಜಿನ ಹುಡುಗರು ಒಂದೇ ನೆಗೆತಕ್ಕೆ ಒಳಗೆ ಸೇರುತ್ತಾರೆ. ಹೂವಿನ ಬುಟ್ಟಿ ಹೊತ್ತ ಮುದುಕಿ ಮೊದಲು ಬುಟ್ಟಿಯನ್ನು ಒಳಗಿಟ್ಟು, ಸರಳನ್ನು ಎರಡು ಕೈಗಳಿಂದಲೂ ಹಿಡಿದು, ಮಂಡಿಯ ಮೇಲೆ ಅಂಗೈಯೂರಿ ಏರಬೇಕು. ಕಂಕುಳಲ್ಲಿ ಕೂಸಿರುವ ತಾಯಿಗೆ ಸರಳು ಹಿಡಿಯಲು ಉಳಿಯುವುದು ಒಂದೇ ಕೈ. ಗಾಲಿಕುರ್ಚಿಯಲ್ಲಿರುವವರನ್ನು ಆ ಗುಂಪಿನಲ್ಲಿ ನಾವು ಕಾಣುವುದೇ ಇಲ್ಲ. ಅಂಥವರು ಊರಿನಲ್ಲಿ ಇಲ್ಲವೆಂದಲ್ಲ, ಬಸ್ಸು ಅವರನ್ನು ಮನೆಯಲ್ಲಿಯೇ ಉಳಿಸಿಬಿಟ್ಟಿದೆ.

ಭಾರತ ಸರಕಾರವು 2013ರಲ್ಲಿ ಪ್ರಕಟಿಸಿದ ನಗರ ಬಸ್ಸುಗಳ ಲಕ್ಷಣಪಟ್ಟಿಯಲ್ಲಿ ನೆಲದ ಎತ್ತರಕ್ಕೆ ಮೂರು ಅಳತೆಗಳಿವೆ: 900, 650 ಮತ್ತು 400 ಮಿಲಿಮೀಟರ್. ಮೊದಲನೆಯ ಬಗೆಯ ಬಸ್ಸಿನಲ್ಲಿ ರಸ್ತೆಯಿಂದ ಮೊದಲ ಮೆಟ್ಟಿಲು 400, ಅದರ ಮೇಲಿನ ಎರಡು ಏರುಗಳು ತಲಾ 250 ಮಿಲಿಮೀಟರ್ ಎಂದು ಹಂಚಿಕೊಂಡರೂ ಆ ಮೆಟ್ಟಿಲುಗಳ ಕಷ್ಟ ಸ್ಪಷ್ಟವಾಗುತ್ತದೆ. ನಮ್ಮ ಮನೆಗಳ ಮೆಟ್ಟಿಲು ಸಾಮಾನ್ಯವಾಗಿ ಆರೇಳು ಅಂಗುಲ, ಎಂದರೆ 150ರಿಂದ 175 ಮಿಲಿಮೀಟರ್. ಮನೆಯಲ್ಲಿ ಯಾರಾದರೂ 400 ಮಿಲಿಮೀಟರಿನ ಮೆಟ್ಟಿಲು ಕಟ್ಟಿಸಿದರೆ ಮೇಸ್ತ್ರಿಯನ್ನು ಬಯ್ಯದೆ ಬಿಡುವೆವೆ? ಬಸ್ಸಿನಲ್ಲಿ ಮಾತ್ರ ಅದನ್ನು ಸಹಜವೆಂದು ಸಹಿಸಿಕೊಂಡಿದ್ದೇವೆ.

ಈ ಎತ್ತರಕ್ಕೆ ಕಾರಣ ಯಂತ್ರರಚನೆಯಲ್ಲಿದೆ. ನಮ್ಮ ದೇಶದಲ್ಲಿ ಬಹುಕಾಲ ಲಾರಿಯ ಚಾಸಿಯ ಮೇಲೆಯೇ ಬಸ್ಸಿನ ಮೈಯನ್ನು ಕಟ್ಟುತ್ತಿದ್ದರು. ಎಂಜಿನು ಮುಂದೆ, ಅದರ ಶಕ್ತಿಯನ್ನು ಹಿಂದಿನ ಗಾಲಿಗಳಿಗೆ ಒಯ್ಯುವ ಉದ್ದನೆಯ ದಂಡ ಬಸ್ಸಿನ ಹೊಟ್ಟೆಯಡಿಯಲ್ಲಿ, ಇವೆಲ್ಲವನ್ನೂ ಹೊತ್ತ ಉಕ್ಕಿನ ಚೌಕಟ್ಟು, ಅದರ ಮೇಲೆ ನೆಲ. ಸರಕಿನ ಮೂಟೆಗೆ ಮಂಡಿನೋವಿಲ್ಲ. ಆದುದರಿಂದ ಲಾರಿಗೆ ಈ ಎತ್ತರ ಒಂದು ದೋಷವಲ್ಲ. ಮನುಷ್ಯರನ್ನು ಒಯ್ಯುವ ವಾಹನಕ್ಕೆ ಅದು ದೊಡ್ಡ ದೋಷ.

ದೋಷಕ್ಕೆ ಪರಿಹಾರವೂ ಹೊಸತೇನಲ್ಲ. ಎಂಜಿನನ್ನು ಹಿಂದಕ್ಕೆ ಸಾಗಿಸಿದರೆ ಉದ್ದನೆಯ ದಂಡ ಬೇಕಾಗುವುದಿಲ್ಲ. ಅಚ್ಚಿನ ನಡುಭಾಗವನ್ನು ಕೆಳಕ್ಕೆ ಇಳಿಸಿ ರಚಿಸಿದರೆ ನೆಲವೂ ಇಳಿಯುತ್ತದೆ. ಉಕ್ಕಿನ ಪಟ್ಟಿಗಳ ಬದಲು ಗಾಳಿ ತುಂಬಿದ ರಬ್ಬರಿನ ಚೀಲಗಳ ಮೇಲೆ ಬಸ್ಸನ್ನು ಕೂರಿಸಿದರೆ ಇನ್ನೊಂದು ಅನುಕೂಲ ದೊರೆಯುತ್ತದೆ. ನಿಲ್ದಾಣದಲ್ಲಿ ಬಾಗಿಲ ಕಡೆಯ ಚೀಲಗಳಿಂದ ಸ್ವಲ್ಪ ಗಾಳಿ ಹೊರಬಿಟ್ಟರೆ, ಮಾವುತನನ್ನು ಏರಿಸಿಕೊಳ್ಳಲು ಆನೆ ಬಾಗುವಂತೆ, ಬಸ್ಸು ಆ ಬದಿಗೆ 60 ಮಿಲಿಮೀಟರಿನಷ್ಟು ಬಾಗುತ್ತದೆ. ಇಂಥ ತಗ್ಗುನೆಲದ ವೋಲ್ವೊ ಬಸ್ಸುಗಳನ್ನು ಬೆಂಗಳೂರು 2006ರ ಸುಮಾರಿಗೇ ಕಂಡಿತು. ಆದರೆ ಅವುಗಳ ದರ ಸಾಧಾರಣ ಬಸ್ಸಿನ ದರಕ್ಕಿಂತ ಹೆಚ್ಚು. ಹೀಗಾಗಿ ತಗ್ಗು ಮೆಟ್ಟಿಲು ಹೆಚ್ಚು ಹಣ ತೆರಬಲ್ಲವರ ಪಾಲಿಗೆ ದಕ್ಕಿತು; ಹೂವಿನ ಬುಟ್ಟಿಯ ಮುದುಕಿಗೆ ದಕ್ಕಲಿಲ್ಲ.

ವಿದ್ಯುತ್ ಬಸ್ಸುಗಳು ಬಂದ ಮೇಲೆ ಪರಿಸ್ಥಿತಿ ಬದಲಾಗಿದೆ. ವಿದ್ಯುತ್ ಮೋಟಾರು ಡೀಸೆಲ್ ಎಂಜಿನಿಗಿಂತ ಬಹಳ ಚಿಕ್ಕದು. ಅದನ್ನು ಹಿಂದಿನ ಅಚ್ಚಿನ ಬಳಿಯಲ್ಲಿಯೇ ಅಳವಡಿಸಬಹುದು. ಬ್ಯಾಟರಿಗಳು ಭಾರವಾದುವು, ನಿಜ. ಆದರೆ ಅವುಗಳನ್ನು ಪೆಟ್ಟಿಗೆ ಪೆಟ್ಟಿಗೆಯಾಗಿ ಹಂಚಿ ಛಾವಣಿಯ ಮೇಲೋ ಹಿಂಭಾಗದಲ್ಲೋ ಇಡಲು ಬರುತ್ತದೆ. ಛಾವಣಿಯ ಮೇಲಿಟ್ಟರೆ ಗುರುತ್ವಕೇಂದ್ರ ಮೇಲೇರುವುದರಿಂದ ತಿರುವುಗಳಲ್ಲಿ ಬಸ್ಸು ವಾಲದಂತೆ ಎಚ್ಚರ ವಹಿಸಬೇಕು. ಅದು ಎಂಜಿನಿಯರರು ಬಿಡಿಸಬಲ್ಲ, ಬಿಡಿಸಿರುವ ಸಮಸ್ಯೆ. 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಿಳಿದ 12 ಮೀಟರ್ ಉದ್ದದ, ಹವಾನಿಯಂತ್ರಣವಿಲ್ಲದ ವಿದ್ಯುತ್ ಬಸ್ಸುಗಳು ತಗ್ಗುನೆಲದವು. ಸಾಧಾರಣ ಪ್ರಯಾಣಿಕರ ಬಸ್ಸಿಗೂ ಇದು ಸಾಧ್ಯವೆಂಬುದಕ್ಕೆ ಬೇರೆ ಪ್ರಮಾಣ ಬೇಕೆ? ಹೀಗಿದ್ದೂ ನಮ್ಮ ದೇಶದಲ್ಲಿ ತಯಾರಾಗುವ ವಿದ್ಯುತ್ ಬಸ್ಸುಗಳಲ್ಲಿ ಎತ್ತರದ ನೆಲದವೂ ಇವೆ. ಹಳೆಯ ಯಂತ್ರದ ಕಾರಣದಿಂದ ಬಂದ ಮೆಟ್ಟಿಲನ್ನು ಹೊಸ ಯಂತ್ರದ ಮೇಲೂ ಹೊರಿಸುವುದು ಅಭ್ಯಾಸಬಲವೇ ಹೊರತು ವಿಜ್ಞಾನವಲ್ಲ.

ತಗ್ಗುನೆಲಕ್ಕೆ ಎದುರಾಗಿ ಹೇಳುವ ಮಾತುಗಳಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ನೆಲ ಇಳಿದಾಗ ಗಾಲಿಗಳ ಮೇಲಿನ ಕಮಾನುಗಳು ಬಸ್ಸಿನೊಳಕ್ಕೆ ಚಾಚಿ ಕೆಲವು ಆಸನಗಳ ಸ್ಥಳವನ್ನು ನುಂಗುತ್ತವೆ. ಬೆಲೆಯೂ ಹೆಚ್ಚು. ರಸ್ತೆಯುಬ್ಬುಗಳಿಗೆ ಹೊಟ್ಟೆ ತಗಲುತ್ತದೆ. ಮಳೆಗಾಲದಲ್ಲಿ ರಸ್ತೆಯ ಮೇಲೆ ನಿಂತ ನೀರಿನ ಭಯವೂ ಉಂಟು. ಆದರೆ ಉಬ್ಬಿನ ವಿಷಯವನ್ನೇ ನೋಡಿರಿ. ಭಾರತೀಯ ರಸ್ತೆ ಕಾಂಗ್ರೆಸ್ಸು ವಿಧಿಸಿರುವ ಉಬ್ಬಿನ ಎತ್ತರ 0.10 ಮೀಟರ್, ಅಗಲ 3.7 ಮೀಟರ್, ಎಂದರೆ ಅದೊಂದು ಮೆಲ್ಲನೆಯ ಅಲೆ. ನಮ್ಮ ಬಡಾವಣೆಗಳಲ್ಲಿ ಒಂದೇ ರಾತ್ರಿಯಲ್ಲಿ ಏಳುವ ಗಿಡ್ಡ ಗೋಡೆಗಳು ಆ ಅಳತೆಯನ್ನು ಕಂಡವುಗಳಲ್ಲ. ತಪ್ಪು ಕಟ್ಟಿದ ಉಬ್ಬಿಗಾಗಿ ಬಸ್ಸಿನ ನೆಲವನ್ನು ಏರಿಸುವುದಕ್ಕಿಂತ ಉಬ್ಬನ್ನು ಸರಿಪಡಿಸುವುದು ಮೇಲಲ್ಲವೆ?

ಆಸನಗಳ ನಷ್ಟಕ್ಕೆ ಉತ್ತರ ಕಾಲದ ಲೆಕ್ಕದಲ್ಲಿದೆ. ಒಂದು ಮಾರ್ಗದಲ್ಲಿ 30 ನಿಲ್ದಾಣಗಳು, ಒಂದೊಂದರಲ್ಲಿ 10 ಮಂದಿ ಹತ್ತಿ ಇಳಿಯುತ್ತಾರೆಂದು ಭಾವಿಸೋಣ. ತಗ್ಗಿನ ಬಾಗಿಲಿನಿಂದ ಒಬ್ಬೊಬ್ಬರಿಗೆ ಒಂದೇ ಸೆಕೆಂಡು ಉಳಿದರೂ ಒಂದು ಸುತ್ತಿಗೆ 300 ಸೆಕೆಂಡು, ಎಂದರೆ 5 ನಿಮಿಷ ಉಳಿಯಿತು. ದಿನಕ್ಕೆ ಹನ್ನೆರಡು ಸುತ್ತು ಓಡಿದರೆ ಒಂದು ಗಂಟೆ. ಮುದುಕಿಗೆಂದು ಇಳಿಸಿದ ಮೆಟ್ಟಿಲು ಅವಸರದ ಹುಡುಗನನ್ನೂ ಬೇಗ ತಲುಪಿಸುತ್ತದೆ.

ಬಸ್ಸೊಂದರಿಂದಲೇ ಕೆಲಸ ಮುಗಿಯುವುದಿಲ್ಲ. ಫುಟ್‌ಪಾತಿನ ಅಂಚು 150 ಮಿಲಿಮೀಟರ್ ಎತ್ತರವಿದ್ದು, ಬಸ್ಸು ಅದಕ್ಕೆ ಒತ್ತಿ ನಿಂತು, 60 ಮಿಲಿಮೀಟರ್ ಬಾಗಿದರೆ, ಏರಬೇಕಾದುದು 400ರಿಂದ 150 ಮತ್ತು 60 ಕಳೆದು 190 ಮಿಲಿಮೀಟರ್. ಹೆಚ್ಚು ಕಡಿಮೆ ನಮ್ಮ ಮನೆಯ ಮೆಟ್ಟಿಲಷ್ಟೇ. ಗಾಲಿಕುರ್ಚಿಗೆ 1 ಮೀಟರ್ ಉದ್ದದ ಹಲಗೆ ಹಾಸಿದರೆ ಅದರ ಇಳಿಜಾರು ಸುಮಾರು 5ಕ್ಕೆ 1. ಹಿಂದಿನಿಂದ ಒಬ್ಬರು ತಳ್ಳಿದರೆ ಹತ್ತಬಹುದು. ಅದೇ ಬಸ್ಸು ರಸ್ತೆಯ ನಡುವೆ ನಿಂತರೆ ಏರು 340 ಮಿಲಿಮೀಟರ್. ಹಲಗೆಯ ಇಳಿಜಾರು 3ಕ್ಕೆ 1. ಅದನ್ನು ಏರುವುದು ಅಪಾಯಕರ. ಕಟ್ಟಡಗಳಲ್ಲಿ ಒಪ್ಪಿತವಾದ ಇಳಿಜಾರು 12ಕ್ಕೆ 1 ಎಂಬುದನ್ನು ನೆನೆದರೆ ಇದು ಮನವರಿಕೆಯಾದೀತು. ಕೋಟಿಗಟ್ಟಲೆ ಹಣ ಸುರಿದು ಕೊಂಡ ಬಸ್ಸಿನ ಗುಣ, ಅಂಚಿನ ಬಳಿ ಅಡ್ಡಲಾಗಿ ನಿಲ್ಲಿಸಿದ ಒಂದು ಆಟೋರಿಕ್ಷಾದಿಂದ ವ್ಯರ್ಥವಾಗಬಹುದು.

ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯು ಸಾರಿಗೆ ಎಲ್ಲರಿಗೂ ಎಟುಕಬೇಕೆಂದು ವಿಧಿಸಿದೆ. ಕಾಯಿದೆಯ ಮಾತು ಬಸ್ಸಿನ ಉಕ್ಕಿಗೆ ಇಳಿಯಬೇಕಾದರೆ ಅದನ್ನು ಕೇಳುವ ಜನ ಬೇಕು. ನಗರದ ಬೀದಿಗಳಿಗೆ ಮುಂದೆ ಕೊಳ್ಳುವ ಪ್ರತಿಯೊಂದು ಹೊಸ ಬಸ್ಸೂ 400 ಮಿಲಿಮೀಟರ್ ನೆಲದ್ದಾಗಿರಬೇಕು, ಅದರೊಡನೆಯೇ ನಿಲ್ದಾಣದ ಅಂಚನ್ನೂ ಸರಿಪಡಿಸಬೇಕು ಎಂಬುದು ನಮ್ಮ ಅಭಿಪ್ರಾಯ. ಬಸ್ಸು ಹತ್ತಾರು ವರ್ಷ ಬಾಳುವ ವಸ್ತು. ಇಂದು ತಪ್ಪಾಗಿ ಕೊಂಡದ್ದನ್ನು ಅಷ್ಟು ಕಾಲ ಏರಬೇಕಾಗುತ್ತದೆ.

ವಿದ್ಯಾರ್ಥಿ ಮಿತ್ರರಿಗೆ ನಮ್ಮದೊಂದು ಸಲಹೆ. ನಿಮ್ಮ ಚೀಲದಲ್ಲಿರುವ ಅಳತೆಪಟ್ಟಿಯನ್ನು ತೆಗೆದು, ನೀವು ದಿನವೂ ಏರುವ ಬಸ್ಸು ನಿಲ್ದಾಣದಲ್ಲಿ ನಿಂತಾಗ ಅದರ ಮೊದಲ ಮೆಟ್ಟಿಲನ್ನು ಅಳೆಯಿರಿ. ಮನೆಗೆ ಹೋಗಿ ಮನೆಯ ಮೆಟ್ಟಿಲನ್ನೂ ಅಳೆಯಿರಿ. ಆಮೇಲೆ ಆ ಎರಡು ಸಂಖ್ಯೆಗಳನ್ನು ನಿಮ್ಮ ಅಜ್ಜಿಗೆ ಓದಿ ಹೇಳಿರಿ. ಬಸ್ಸಿನ ವಿಷಯದಲ್ಲಿ ಅವರ ಅಭಿಪ್ರಾಯ ನಮ್ಮದಕ್ಕಿಂತ ಹೆಚ್ಚು ತೂಕದ್ದು.