ತುಕ್ಕು ಹಿಡಿದ ಕುಡುಗೋಲು ತಾಗಿದರೆ ಮಾತ್ರ ಧನುರ್ವಾಯು ಬರುತ್ತದೆಯೇ?

ಚಾಮುಂಡಿ ಬೆಟ್ಟದ ಮೇಲೆ ನಿಂತರೆ ಒಂದು ಕಡೆ ಮೈಸೂರು ನಗರ ಕಾಣುತ್ತದೆ. ಇನ್ನೊಂದು ಕಡೆ ಉತ್ತನಹಳ್ಳಿಯಂಥ ಊರುಗಳಿವೆ. ಬಡಾವಣೆಗಳು ಹತ್ತಿರ ಬಂದಿದ್ದರೂ ಬೆಟ್ಟದ ಸುತ್ತಿನ ಊರುಗಳಲ್ಲಿ ಇನ್ನೂ ಹೊಲವಿದೆ, ಕೊಟ್ಟಿಗೆಯಿದೆ. ರಾಗಿ ಕೊಯ್ಯುವಾಗ ಕುಡುಗೋಲು ಬೆರಳಿಗೆ ತಾಗುವುದು, ಜಾಲಿ ಮುಳ್ಳು ಹಿಮ್ಮಡಿಗೆ ಇಳಿಯುವುದು, ಹಸು ಕಾಲು ತುಳಿಯುವುದು ಇಲ್ಲಿ ದಿನನಿತ್ಯದ ಮಾತು. ಅಕ್ಕಪಕ್ಕದವರು ಓಡಿ ಬಂದು ಕೈಗೆ ಸಿಕ್ಕಿದ್ದನ್ನು ಹಚ್ಚುತ್ತಾರೆ. ಉಳಿದ ಸಲಹೆಗಳು ವಾಟ್ಸಾಪ್‌ನಲ್ಲಿ ಬರುತ್ತವೆ. ಇವುಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ನೋಡೋಣ.

ತುಕ್ಕಿನಿಂದ ಧನುರ್ವಾಯು ಬರುತ್ತದೆಯೇ?

ಇಲ್ಲ. ಧನುರ್ವಾಯು ಅಥವಾ ಟೆಟನಸ್ ಬರುವುದು ಒಂದು ಬ್ಯಾಕ್ಟೀರಿಯಾದಿಂದ. ಅದರ ಬೀಜಾಣುಗಳು ಮಣ್ಣು, ಧೂಳು ಮತ್ತು ದನ, ಕುದುರೆಗಳ ಸಗಣಿ, ಲದ್ದಿಯಲ್ಲಿರುತ್ತವೆ. ರೋಗಕ್ಕೂ ಮಣ್ಣಿಗೂ ಇರುವ ಸಂಬಂಧವನ್ನು ಜರ್ಮನಿಯ ಆರ್ತರ್ ನಿಕೊಲಾಯರ್ 1884ರಲ್ಲೇ ಪ್ರಾಣಿಗಳ ಮೇಲಿನ ಪ್ರಯೋಗದಿಂದ ತೋರಿಸಿದ್ದರು. ಈ ಬೀಜಾಣುಗಳು ಬಿಸಿಲು, ಬರ ಎಲ್ಲವನ್ನೂ ತಡೆದುಕೊಂಡು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ.

ಹಾಗಾದರೆ ತುಕ್ಕು ಹಿಡಿದ ಮೊಳೆಗೆ ಕೆಟ್ಟ ಹೆಸರು ಬಂದದ್ದು ಏಕೆ? ಅಂಥ ಮೊಳೆ ಸಾಮಾನ್ಯವಾಗಿ ಮಣ್ಣಿನಲ್ಲೇ ಬಿದ್ದಿರುತ್ತದೆ. ಚುಚ್ಚಿದಾಗ ಆಳವಾದ, ಕಿರಿದಾದ ಗಾಯವಾಗುತ್ತದೆ. ಗಾಳಿಯಾಡದ ಜಾಗದಲ್ಲೇ ಈ ಬ್ಯಾಕ್ಟೀರಿಯಾ ಬೆಳೆದು ವಿಷ ಉತ್ಪಾದಿಸುವುದು. ಆದ್ದರಿಂದ ಫಳಫಳ ಹೊಳೆಯುವ ಹೊಸ ಕುಡುಗೋಲಿಗೂ ಹೊಲದ ಮಣ್ಣು ಅಂಟಿದ್ದರೆ ಅಪಾಯ ಇದ್ದೇ ಇದೆ. ರಕ್ತವೇ ಬಾರದ ಮುಳ್ಳಿನ ಗಾಯವನ್ನೂ ಸಣ್ಣದೆಂದು ಬಿಡುವಂತಿಲ್ಲ.

ಸಗಣಿ, ಕಾಫಿ ಪುಡಿ, ಅರಿಸಿನ ಹಚ್ಚಬಹುದೇ?

ಸಗಣಿ ಖಂಡಿತ ಬೇಡ. ರೋಗದ ಬೀಜಾಣು ಇರುವ ವಸ್ತುವನ್ನೇ ಗಾಯಕ್ಕೆ ತುಂಬಿದಂತಾಗುತ್ತದೆ. ಮಣ್ಣು ಮತ್ತು ಬದುವಿನಲ್ಲಿ ಸಿಕ್ಕ ಸೊಪ್ಪಿನ ರಸದ ವಿಷಯದಲ್ಲೂ ಇದೇ ಎಚ್ಚರ ಬೇಕು. ಅರಿಸಿನದ ಕುರಿತು ಪ್ರಯೋಗಾಲಯಗಳಲ್ಲಿ ಸಂಶೋಧನೆ ನಡೆದಿದೆ ನಿಜ. ಆದರೆ ಅಡುಗೆಮನೆಯ ಡಬ್ಬಿಯ ಪುಡಿ ಗಾಯಕ್ಕೆಂದು ಶುದ್ಧಗೊಳಿಸಿದ್ದಲ್ಲ. ಕಾಫಿ ಪುಡಿ ಗಾಯದಲ್ಲಿ ಮೆತ್ತಿಕೊಂಡರೆ ತೊಳೆಯುವುದೇ ಕಷ್ಟವಾಗುತ್ತದೆ.

ಸರಿಯಾದ ಪ್ರಥಮ ಚಿಕಿತ್ಸೆಗೆ ಬೇಕಾದ್ದು ಎಲ್ಲರ ಮನೆಯಲ್ಲೂ ಇದೆ. ರಕ್ತ ಸುರಿಯುತ್ತಿದ್ದರೆ ಒಗೆದ ಬಟ್ಟೆಯಿಂದ ಒತ್ತಿ ಹಿಡಿಯಿರಿ. ನಿಂತ ಮೇಲೆ ನಲ್ಲಿ ನೀರು ಹಾಗೂ ಸೋಪಿನಿಂದ ಮಣ್ಣು ಹೋಗುವವರೆಗೆ ತೊಳೆಯಿರಿ. ಶುಭ್ರವಾದ ಬಟ್ಟೆ ಸುತ್ತಿ ಆಸ್ಪತ್ರೆಗೆ ಹೊರಡಿ. ರಕ್ತ ನಿಲ್ಲದಿದ್ದರೆ ಒತ್ತಿ ಹಿಡಿದುಕೊಂಡೇ ಹೊರಡಿ.

24 ಗಂಟೆ ಕಳೆದರೆ ಟಿಟಿ ಹಾಕಿಸಿ ಪ್ರಯೋಜನವಿಲ್ಲವೇ?

ಬೇಗ ಹಾಕಿಸಿದಷ್ಟೂ ಒಳ್ಳೆಯದು. ಆದರೆ ಗಾಯವಾಗಿ ಎರಡು ದಿನವಾಯಿತೆಂದು ಬಿಟ್ಟುಬಿಡಬೇಡಿ. ರೋಗಲಕ್ಷಣ ಸಾಮಾನ್ಯವಾಗಿ 3ರಿಂದ 21 ದಿನಗಳಲ್ಲಿ ಕಾಣಿಸಿಕೊಳ್ಳುವುದರಿಂದ ತಡವಾಗಿ ಹೋದರೂ ವೈದ್ಯರು ಮಾಡಬಹುದಾದ್ದು ಇರುತ್ತದೆ.

ಪ್ರತಿ ಗೀರಿಗೂ ಇಂಜೆಕ್ಷನ್ ಬೇಕೆಂಬುದೂ ಸರಿಯಲ್ಲ. ಹಿಂದೆ ಎಲ್ಲ ಡೋಸ್‌ಗಳನ್ನು ಪಡೆದವರಿಗೆ, ಸಣ್ಣ ಹಾಗೂ ಶುಭ್ರ ಗಾಯವಾದರೆ ಕೊನೆಯ ಡೋಸ್‌ಗೆ 10 ವರ್ಷ ಕಳೆದಿದ್ದಾಗ, ಮಣ್ಣು, ಸಗಣಿ ತಾಗಿದ ಅಥವಾ ಆಳವಾದ ಗಾಯವಾದರೆ 5 ವರ್ಷ ಕಳೆದಿದ್ದಾಗ ಮತ್ತೊಂದು ಡೋಸ್ ಕೊಡುವುದು ವಾಡಿಕೆ. ಮೊದಲು ಲಸಿಕೆಯನ್ನೇ ಪಡೆಯದವರಿಗೆ ಕೊಳೆ ಸೇರಿದ ಗಾಯವಾದರೆ ಲಸಿಕೆಯೊಂದೇ ಸಾಲದು. ಸಿದ್ಧ ಪ್ರತಿಕಾಯಗಳ ಇನ್ನೊಂದು ಇಂಜೆಕ್ಷನ್ ಕೂಡ ಬೇಕಾಗುತ್ತದೆ. ಈಗ ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಟಿಟಿ ಬದಲು ಡಿಫ್ತೀರಿಯಾವನ್ನೂ ತಡೆಯುವ ಟಿಡಿ ಲಸಿಕೆ ಕೊಡುತ್ತಾರೆ. ಹೆಸರು ಬೇರೆಯೆಂದು ಗಾಬರಿ ಬೇಡ.

ಯಾರನ್ನು ಹೆಚ್ಚು ಗಮನಿಸಬೇಕು?

ಭಾರತದಲ್ಲಿ ಮಕ್ಕಳ ಲಸಿಕಾ ಕಾರ್ಯಕ್ರಮ ಶುರುವಾದದ್ದು 1978ರಲ್ಲಿ. 1985ರ ನಂತರವೇ ಅದು ಹಂತಹಂತವಾಗಿ ಎಲ್ಲ ಜಿಲ್ಲೆಗಳಿಗೂ ವಿಸ್ತರಿಸಿತು. ಅದಕ್ಕೂ ಮೊದಲು ಹುಟ್ಟಿದ ಅನೇಕರಿಗೆ ಬಾಲ್ಯದ ಡೋಸ್‌ಗಳು ಸಿಕ್ಕಿರಲಿಕ್ಕಿಲ್ಲ. ಹೆಂಗಸರಿಗೆ ಬಸಿರಿನಲ್ಲಾದರೂ ಈ ಇಂಜೆಕ್ಷನ್ ಸಿಗುತ್ತದೆ. ಗಂಡಸರಿಗೆ ಆ ಅವಕಾಶವೂ ಇಲ್ಲ. ಹೀಗಾಗಿ ಐವತ್ತು ದಾಟಿದ, ಈಗಲೂ ಹೊಲಕ್ಕೆ ಹೋಗುವ ಅಪ್ಪ, ಅಜ್ಜಂದಿರಲ್ಲಿ ರಕ್ಷಣೆ ಇಲ್ಲದವರು ಇರುವ ಸಾಧ್ಯತೆ ಹೆಚ್ಚು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಿಗಂತೂ ಮುಳ್ಳು ಚುಚ್ಚಿದ್ದೇ ತಿಳಿಯದಿರಬಹುದು.

ನೆರೆಯವರ ಲಸಿಕೆ ನಮ್ಮನ್ನು ಕಾಪಾಡದು

ದಡಾರದಂಥ ರೋಗಗಳಲ್ಲಿ ಊರಿನ ಬಹುಪಾಲು ಜನ ಲಸಿಕೆ ಪಡೆದರೆ ಉಳಿದವರಿಗೂ ರಕ್ಷಣೆ ಸಿಗುತ್ತದೆ, ಏಕೆಂದರೆ ರೋಗ ಹರಡುವ ದಾರಿ ಮುಚ್ಚುತ್ತದೆ. ಧನುರ್ವಾಯು ಒಬ್ಬರಿಂದ ಒಬ್ಬರಿಗೆ ಹರಡುವುದೇ ಇಲ್ಲ. ಅದು ಮಣ್ಣಿನಿಂದ ನೇರವಾಗಿ ಬರುತ್ತದೆ. ನವಜಾತ ಶಿಶುಗಳ ಮತ್ತು ತಾಯಂದಿರ ಧನುರ್ವಾಯುವನ್ನು ಭಾರತ ನಿವಾರಿಸಿದೆ ಎಂದು 2015ರಲ್ಲಿ ದೃಢಪಟ್ಟಿತು. ಆದರೂ ಮಣ್ಣಿನಲ್ಲಿರುವ ಬೀಜಾಣು ಎಲ್ಲೂ ಹೋಗಿಲ್ಲ. ಊರೆಲ್ಲ ಲಸಿಕೆ ಪಡೆದಿದ್ದರೂ ಪಡೆಯದ ಒಬ್ಬರಿಗೆ ಅಪಾಯ ಹಾಗೆಯೇ ಇರುತ್ತದೆ.

ಆದ್ದರಿಂದ ಇಲ್ಲಿ ಪಕ್ಕದ ಮನೆಯವರ ಕೆಲಸ ವಿಚಾರಿಸುವುದು. ಗಾಯ ಮಾಡಿಕೊಂಡವರು "ಏನಾಗಲ್ಲ ಬಿಡಿ" ಎನ್ನುತ್ತಾರೆ. ಒಂದು ದಿನದ ಕೂಲಿ, ಹಾಲು ಕರೆಯುವ ಹೊತ್ತು, ಬಸ್ಸಿನ ಓಡಾಟ ಎಲ್ಲವೂ ಅವರ ಲೆಕ್ಕದಲ್ಲಿರುತ್ತವೆ. "ಅಣ್ಣಾ, ಕೊನೇ ಸಲ ಟಿಟಿ ಯಾವಾಗ ಹಾಕಿಸ್ಕೊಂಡಿದ್ರಿ?" ಎಂದು ಕೇಳಿ. ಉತ್ತರ ಗೊತ್ತಿಲ್ಲವೆಂದರೆ ಬೈಕಿನಲ್ಲಿ ಕೂರಿಸಿಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಅವರು ಬರುವವರೆಗೆ ಹಸುವಿಗೆ ಮೇವು ಹಾಕುವ ಜವಾಬ್ದಾರಿಯನ್ನು ಇನ್ನೊಬ್ಬರು ವಹಿಸಿಕೊಳ್ಳಲಿ.

ಗಾಯ ಮಾಯ್ದ ಮೇಲೂ ಎರಡು, ಮೂರು ವಾರ ಕಣ್ಣಿಟ್ಟಿರಿ. ದವಡೆ ಬಿಗಿಯುವುದು, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾಗುವುದು, ಕುತ್ತಿಗೆ, ಬೆನ್ನು ಸೆಟೆದುಕೊಳ್ಳುವುದು ಕಂಡರೆ ಮನೆಮದ್ದಿಗೆ ಕಾಯದೆ 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಸೇರಿಸಿ.

ಈ ಬರಹವನ್ನು ಊರಿನ ಗುಂಪಿಗೆ ಕಳಿಸುವ ಮೊದಲು, ನಿಮ್ಮ ಮನೆಯ ಹಿರಿಯರ ಕೊನೆಯ ಡೋಸ್ ಯಾವಾಗ ಆಯಿತೆಂದು ಕೇಳಿ ಬರೆದಿಟ್ಟುಕೊಳ್ಳಿ.