ಕಟ್ಟಡ ಗಟ್ಟಿ, ಕೊಂಡಿ ಸವಕಲು

ನಮ್ಮ ಕಡೆಯ ಹುಡುಗರು ಸಾಫ್ಟ್‌ವೇರ್ ಕೆಲಸಕ್ಕೆಂದು ಹೋಗಿ ನೆಲೆಸಿರುವ ಅಮೆರಿಕದ ಸ್ಯಾನ್ ಹೋಸೆ, ಫ್ರಿಮಾಂಟ್ ಊರುಗಳಲ್ಲಿ ಕರೆಂಟ್ ಬಿಲ್ಲು ಕಳಿಸುವುದು ಒಂದು ಖಾಸಗಿ ಕಂಪನಿ. ಹೆಸರು ಪೆಸಿಫಿಕ್ ಗ್ಯಾಸ್ ಅಂಡ್ ಎಲೆಕ್ಟ್ರಿಕ್. ಹುಟ್ಟಿದ್ದು 1905ರಲ್ಲಿ. ಸುಮಾರು 1 ಕೋಟಿ 60 ಲಕ್ಷ ಜನರಿಗೆ ಇದೇ ದಿಕ್ಕು. ಇದರ ಹಳೇ ಹೆಡ್ಡಾಫೀಸಿನ ಕತೆ ಕೇಳುವಂಥದ್ದು.

ಸ್ಯಾನ್ ಫ್ರಾನ್ಸಿಸ್ಕೋದ ಮಾರ್ಕೆಟ್ ಸ್ಟ್ರೀಟ್ ಅಂದರೆ ಆ ಊರಿನ ದೊಡ್ಡಪೇಟೆ. ಅಲ್ಲಿ 1925ರಲ್ಲಿ ಈ ಕಟ್ಟಡ ಎದ್ದಿತು. ನಕ್ಷೆ ಹಾಕಿದವರು ಬೇಕ್‌ವೆಲ್ ಮತ್ತು ಬ್ರೌನ್, ಆ ಊರಿನ ಸಿಟಿ ಹಾಲ್ ಕಟ್ಟಿಸಿದ ಜೋಡಿ. ಮೈಗೆಲ್ಲ ಸುಟ್ಟ ಮಣ್ಣಿನ ಬಿಲ್ಲೆಯ ಅಲಂಕಾರ. 1971ರಲ್ಲಿ ಪಕ್ಕದಲ್ಲೇ 34 ಅಂತಸ್ತಿನ ಗೋಪುರವೂ ಬಂತು. 1989ರ ಅಕ್ಟೋಬರಿನ ಭೂಕಂಪಕ್ಕೆ ಹಳೇ ಕಟ್ಟಡ ಏಟು ತಿಂದಿತು. ಕಂಪನಿ ಕೈಬಿಡಲಿಲ್ಲ. ವರ್ಷಗಟ್ಟಲೆ ರಿಪೇರಿ ಮಾಡಿ, ಮತ್ತೆ ಅಲುಗಾಡದಂತೆ ಬಲಪಡಿಸಿ, 1995ರಲ್ಲಿ ಬಾಗಿಲು ತೆರೆಯಿತು. ಮೆಚ್ಚಬೇಕಾದ್ದೇ!

ಆದರೆ ಹೆಚ್ಚುಕಡಿಮೆ ಅದೇ ವಯಸ್ಸಿನ ಇನ್ನೊಂದು ಆಸ್ತಿಯೂ ಕಂಪನಿಗಿತ್ತು. ಊರಿನಿಂದ ದೂರ, ಈಶಾನ್ಯಕ್ಕೆ, ಫೆದರ್ ನದಿಯ ಕಣಿವೆಯಲ್ಲಿ ಹಾಯುವ ಹೈಟೆನ್ಷನ್ ಲೈನು. 1921ರಲ್ಲಿ ಬೇರೆ ಕಂಪನಿ ಎಳೆದದ್ದು. 1930ರಲ್ಲಿ ಇವರ ಕೈಗೆ ಬಂತು. ಅದರ ಒಂದು ಕಂಬದಲ್ಲಿ ತಂತಿಯ ಭಾರ ಹೊತ್ತ ಕಬ್ಬಿಣದ ಕೊಂಡಿ. 1919ರಲ್ಲಿ ಅದರ ಬೆಲೆ 56 ಸೆಂಟ್, ಒಂದು ಡಾಲರೂ ಅಲ್ಲ. ಗಾಳಿಗೆ ತೂಗಿ ತೂಗಿ, ಬಾವಿ ರಾಟೆಯ ಕೊಕ್ಕೆ ಸವೆಯುತ್ತದಲ್ಲ, ಹಾಗೇ ಸವೆಯಿತು. ಹತ್ತಿ ನೋಡಿದವರಿಲ್ಲ. 2018ರ ನವೆಂಬರ್ 8ರ ಬೆಳಿಗ್ಗೆ ಮುರಿಯಿತು. ಕಿಡಿ ಒಣಹುಲ್ಲಿಗೆ ಬಿತ್ತು. ಪ್ಯಾರಡೈಸ್ ಎಂಬ ಊರಿಗೆ ಊರೇ ಬೂದಿ. ಸತ್ತವರು 85 ಜನ, ಸುಟ್ಟ ಕಟ್ಟಡ 18 ಸಾವಿರಕ್ಕೂ ಹೆಚ್ಚು.

2019ರ ಜನವರಿಯಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. 2020ರ ಜೂನಿನಲ್ಲಿ ಅದರ ಮುಖ್ಯಸ್ಥರು ಕೋರ್ಟಿನಲ್ಲಿ ನಿಂತು, ಸತ್ತವರ ಒಂದೊಂದು ಹೆಸರಿಗೂ, 84 ಸಲ, ತಪ್ಪೊಪ್ಪಿಕೊಂಡರು. ಕಂಪನಿಯನ್ನು ಜೈಲಿಗೆ ಹಾಕಲಾದೀತೇ? ದಂಡ ಸುಮಾರು 35 ಲಕ್ಷ ಡಾಲರ್.

ಅದೇ ತಿಂಗಳು ಇನ್ನೊಂದು ಸುದ್ದಿ: ಖರ್ಚು ಉಳಿಸಲು ಹೆಡ್ಡಾಫೀಸು ಕೊಲ್ಲಿಯಾಚೆಯ ಓಕ್‌ಲ್ಯಾಂಡಿಗೆ! 2021ರಲ್ಲಿ ಹಳೇ ಕಟ್ಟಡ, ಗೋಪುರ ಎಲ್ಲ ಸೇರಿಸಿ ಹೈನ್ಸ್ ಎಂಬ ಸಂಸ್ಥೆಗೆ 80 ಕೋಟಿ ಡಾಲರಿಗೆ ಕೊಟ್ಟರು. ಓಕ್‌ಲ್ಯಾಂಡಿನ ಕಟ್ಟಡಕ್ಕೆ ಒಪ್ಪಿದ ಬೆಲೆ 89 ಕೋಟಿ 20 ಲಕ್ಷ. ಮಾರಿದ್ದಕ್ಕಿಂತ ಕೊಂಡದ್ದೇ ತುಟ್ಟಿ. ಇದೆಂಥ ಉಳಿತಾಯ ಅಂತ ಅಂಗಡಿಯವರು ಕೇಳಿಯಾರು. ಹಳೆಯದನ್ನು ಸಾಕುವ ಖರ್ಚು, ಮುಂದಿನ ರಿಪೇರಿ ಲೆಕ್ಕ ಹಾಕಿ ಎಂಬುದು ಕಂಪನಿಯ ಉತ್ತರ. ಮಾರಾಟದ ಲಾಭವನ್ನು ಗಿರಾಕಿಗಳಿಗೆ ಬಿಲ್ಲಿನಲ್ಲಿ ಕಂತು ಕಂತಾಗಿ ಹಿಂತಿರುಗಿಸುವುದೆಂದಾಯಿತು. ಸರಿಯೇ. ಆ ಕಟ್ಟಡ ನಿಂತಿದ್ದೂ, ರಿಪೇರಿಯಾಗಿದ್ದೂ ಅವರ ಬಿಲ್ಲಿನ ದುಡ್ಡಿನಿಂದಲೇ ತಾನೆ?

ಬೆಂಕಿಯಲ್ಲಿ ಮನೆ ಕಳಕೊಂಡವರ ಲೆಕ್ಕ ಬೇರೆ. ಅವರ ನಿಧಿಗೆ 1,350 ಕೋಟಿ ಡಾಲರ್ ಎಂದು ಒಪ್ಪಂದವಾಯಿತು. ಅದರಲ್ಲಿ ಅರ್ಧ ಮಾತ್ರ ನಗದು. ಇನ್ನರ್ಧ ಅದೇ ಕಂಪನಿಯ ಷೇರು. ಮಂಜೂರಾದ ಪರಿಹಾರವನ್ನು ನೂರಕ್ಕೆ ನೂರು ಕೊಡಲು ಆ ನಿಧಿಯಲ್ಲಿ ದುಡ್ಡು ಸಾಲಲಿಲ್ಲ.