ಬಾಡಿಗೆಯ ಕಂಬಳಿ

ಕಳೆದ ಫೆಬ್ರವರಿಯಲ್ಲಿ ಕಾಲೇಜೊಂದರ ‘ಎತ್ನಿಕ್ ಡೇ’ಗೆ ನನ್ನನ್ನು ಅತಿಥಿಯಾಗಿ ಕರೆದಿದ್ದರು. ಕರೆದವನು ಹಳೆಯ ಶಿಷ್ಯನಾದ್ದರಿಂದ ಒಲ್ಲೆನೆನ್ನಲಾಗಲಿಲ್ಲ. ಸುಡುಬಿಸಿಲಿನಲ್ಲಿ ಹುಡುಗನೊಬ್ಬ ಕಂಬಳಿ ಕೊಪ್ಪೆ ಹೊದ್ದು ಬೆವರುತ್ತಿದ್ದ. ಹುಡುಗಿಯೊಬ್ಬಳ ಬೆನ್ನ ಮೇಲೆ ಗೊರಬು. ಎರಡೂ ಬಾಡಿಗೆಯವು. ಪಕ್ಕದ ಮೇಜಿನಲ್ಲಿ ‘ಮಲೆನಾಡಿನ ಸೊಗಡು’ ಎಂಬ ಫಲಕದ ಕೆಳಗೆ ಪತ್ರೊಡೆ. ಮಾಘಮಾಸದಲ್ಲಿ ಪತ್ರೊಡೆ! ಮಳೆಗಾಲದ ಕೆಸುವಿನೆಲೆಗೆ ಹುಳಿ ಬೆರೆಸಿ, ತುರಿಕೆ ಕಳೆದು, ಹಬೆಯಲ್ಲಿ ಬೇಯಿಸಿ ತಿನ್ನುವ ತಿನಿಸದು. ಅಂದು ವೇದಿಕೆಯ ಮೇಲೆ ಸೌಜನ್ಯಕ್ಕೆ ಕಟ್ಟುಬಿದ್ದು ಸುಮ್ಮನಿದ್ದೆ. ಇಲ್ಲಿ ಸುಮ್ಮನಿರಲಾರೆ.

‘ಮಕ್ಕಳು ಇಷ್ಟಾದರೂ ತಿಳಿಯಲಿ ಬಿಡಿ ಮೇಷ್ಟ್ರೇ’ ಎಂದ ಶಿಷ್ಯ. ಏನನ್ನು ತಿಳಿದರು? ನಾಟಿ ಮಾಡುವಾಗ ಎರಡೂ ಕೈ ಬಿಡುವಾಗಿರಲೆಂದೇ ಗೊರಬನ್ನು ಬೆನ್ನ ಮೇಲೆ ಹೊರುವಂತೆ ಹೆಣೆದಿದ್ದಾರೆಂಬುದನ್ನು ಆ ಹುಡುಗಿಗೆ ಯಾರೂ ಹೇಳಿರಲಿಲ್ಲ. ನೆನೆದರೂ ಒಳಗಿನವನನ್ನು ಬೆಚ್ಚಗಿಡುವ ಉಣ್ಣೆಯ ಗುಣವನ್ನು ಆ ಬಿಸಿಲಿನಲ್ಲಿ ತಿಳಿಸುವುದಾದರೂ ಹೇಗೆ?

ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಲೇಬೇಕು. ಸಕಲೇಶಪುರದ ಮಳೆಯಲ್ಲಿ ಮೈಲಿಗಟ್ಟಲೆ ನಡೆದು ಬರುತ್ತಿದ್ದ ಮಕ್ಕಳ ಒದ್ದೆ ಕಂಬಳಿಗಳನ್ನು ‘ನಾತ’ವೆಂದು ಶಾಲೆಯ ಜಗಲಿಯಲ್ಲೇ ಬಿಡಿಸುತ್ತಿದ್ದವನು ನಾನು. ಪ್ಲಾಸ್ಟಿಕ್ ಕೊಪ್ಪೆ ತಂದವನನ್ನು ‘ಶಿಸ್ತಿನ ಹುಡುಗ’ ಎಂದು ಹೊಗಳಿದವನೂ ನಾನೇ. ನಿಮ್ಮಲ್ಲಿ ಕೆಲವರಿಗೆ ಅದು ನೆನಪಿದ್ದೀತು. ಅಂದು ನಾವು ನಾಚಿಕೆ ಹುಟ್ಟಿಸಿ ಬಿಡಿಸಿದ್ದನ್ನೇ ಇಂದು ಬಾಡಿಗೆಗೆ ತಂದು ಫೋಟೋ ತೆಗೆಸಿಕೊಳ್ಳುತ್ತಿದ್ದೇವೆ.

ಉಡುಗೆ ಮತ್ತು ಊಟ ಒಂದಾಗಿ ಬರುವ ದಿನ ನಮ್ಮಲ್ಲಿ ಇದ್ದೇ ಇದೆಯಲ್ಲ! ಶರದೃತುವಿನ ಆರಂಭದ ಆಶ್ವಯುಜ ಹುಣ್ಣಿಮೆ, ಭೂಮಿ ಹುಣ್ಣಿಮೆ. ಭತ್ತ ಹೊಡೆಯಾಗಿ ಗದ್ದೆ ಬಸುರಿಯಂತೆ ನಿಂತಿರುತ್ತದೆ. ಆಕೆಗೆ ಅದು ಸೀಮಂತ. ಬೇಲಿಯಂಚಿನ ಸೊಪ್ಪುಗಳನ್ನು, ಹಿತ್ತಲ ಕಾಯಿಗಳನ್ನು ರಾತ್ರಿಯೆಲ್ಲ ಬೇಯಿಸಿ, ಬೆಳಗಿನ ಮಂಜಿನಲ್ಲೇ ಹೊಸ ಪಂಚೆ, ಸೀರೆಯುಟ್ಟು ಹೊರಟು, ಚರಗ ಚೆಲ್ಲಿ, ಬದುವಿನ ಮೇಲೆ ಬಾಳೆಲೆ ಹಾಸಿ ಉಣ್ಣುವುದು. ಆ ಉಡುಗೆಯನ್ನು ನೋಡಲು ಹೊಡೆಬಿಟ್ಟ ಭತ್ತವಲ್ಲದೆ ಇನ್ನಾರೂ ಇರುವುದಿಲ್ಲ.

ಆದರೆ ಗದ್ದೆಯೇ ಇಲ್ಲದಿದ್ದರೆ ಸೀಮಂತ ಯಾರಿಗೆ? ಆಲೂರು, ಸಕಲೇಶಪುರಗಳಲ್ಲಿ ಕೂಲಿಗೆ ಆಳಿಲ್ಲ. ಗದ್ದೆಗಳಿಗೆ ಶುಂಠಿ, ಅಡಿಕೆ, ಕಾಫಿ ಬಂದಿವೆ. ಉಳಿದ ಭತ್ತವನ್ನು ಆನೆ ತುಳಿಯುತ್ತದೆ. 2023ರ ಡಿಸೆಂಬರ್ 4ರಂದು ಯಸಳೂರು ಅರಣ್ಯ ವಲಯದಲ್ಲಿ ಕಾಡಾನೆ ಸೆರೆಹಿಡಿಯಲು ಹೋದ ದಸರಾ ಆನೆ ಅರ್ಜುನನೇ ಪ್ರಾಣ ಬಿಟ್ಟ ಮೇಲೆ, ರಾತ್ರಿ ಗದ್ದೆ ಕಾಯಲಿಲ್ಲವೆಂದು ರೈತನನ್ನು ದೂರುವ ಬಾಯಿ ನನಗಿಲ್ಲ. ನನ್ನ ದೂರು, ಗದ್ದೆ ಹೋದದ್ದನ್ನು ಗಮನಿಸದೆ ‘ಸೊಗಡು’ ಉಳಿಸುತ್ತೇವೆಂದು ಹೊರಟ ನಮ್ಮಂಥ ಸಂಬಳದವರ ಮೇಲೆ. ಬಾಡಿಗೆಗೆ ಕೊಟ್ಟ ಹಣದಲ್ಲಿ ಒಬ್ಬ ಗದ್ದೆಯವನಿಂದ ನಾಲ್ಕು ಸೇರು ಅಕ್ಕಿ ಕೊಳ್ಳಬಹುದಿತ್ತು.

ನನ್ನ ತಂಗಿಯ ಮನೆಯವರು ಆಲೂರಿನ ಕಡೆ ಇನ್ನೂ ಒಂದೆಕರೆ ಭತ್ತ ಬಿಟ್ಟಿಲ್ಲ. ಈ ಹುಣ್ಣಿಮೆಗೆ ಬರುವವರು ಹಿಂದಿನ ದಿನವೇ ಬನ್ನಿ. ಸೊಪ್ಪು ಬಿಡಿಸಲು ಕೈ ಸಾಲದು. ಬೆಲೆಬಾಳುವ ಸೀರೆ ತರಬೇಡಿರಮ್ಮ, ಬದುವಿನಲ್ಲಿ ಮೊಣಕಾಲುದ್ದ ಕೆಸರಿದೆ.